ಪಡಸಾಲೆಯಲ್ಲೊಂದು ಕಡಲು

ಬೈಲಹೊಂಗಲ, ಸವದತ್ತಿಯ ಜನ ಕಡಲನ್ನು ಕಾಣಬೇಕಾದರೆ ಘಟ್ಟವಿಳಿಯಬೇಕು. ಪಡಸಾಲೆಯ ಗಾಜಿನ ತೊಟ್ಟಿಯಲ್ಲಿಯೇ ಹವಳದ ದಿಬ್ಬದ ಪುಟ್ಟ ಲೋಕವನ್ನು ನಿರ್ಮಿಸಬಯಸುವ ಹವ್ಯಾಸಿಯಾದರೋ ಕಡಲನ್ನು ಕೈಯಾರೆ ಬೆರೆಸಿಕೊಳ್ಳಬೇಕು: ಶುದ್ಧೀಕರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ಸಮುದ್ರಲವಣ. ಅಡಿಗೆಯ ಉಪ್ಪು ಇಲ್ಲಿ ಸಲ್ಲದು.

ನೀರು ತಿಳಿಯಾದೊಡನೆ ಮೀನು ಬಿಡುವ ಆತುರವೇ ಮೊದಲ ತಪ್ಪು. ಮೀನಿನ ಮಲದಿಂದ, ತಿಂದುಳಿದ ಆಹಾರದಿಂದ ಹುಟ್ಟುವ ಅಮೋನಿಯಾ ಕಣ್ಣಿಗೆ ಕಾಣದು. ಕನ್ನಡಿಯಂತಹ ನೀರಿನಲ್ಲಿಯೇ ಮೀನು ಸಾಯುತ್ತದೆ. ಆ ವಿಷವನ್ನು ನೈಟ್ರೈಟಾಗಿಯೂ, ಬಳಿಕ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟಾಗಿಯೂ ಮಾರ್ಪಡಿಸುವವು ಕಲ್ಲಿನ ರಂಧ್ರಗಳಲ್ಲಿ ನೆಲೆಸುವ ಸೂಕ್ಷ್ಮಜೀವಿಗಳು. ಚಿಟಿಕೆ ಮೀನಿನ ಆಹಾರ ಹಾಕುತ್ತ ಅವುಗಳನ್ನು ಬೆಳೆಸಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಬರಿಯ ಕಲ್ಲನ್ನೇ ನೋಡುತ್ತಿರಿ ಎಂದರೆ ಮಕ್ಕಳು ಒಪ್ಪಬೇಕಲ್ಲ! ಪರೀಕ್ಷೆಯಲ್ಲಿ ಅಮೋನಿಯಾ, ನೈಟ್ರೈಟು ಎರಡೂ ಸೊನ್ನೆಗಿಳಿದ ಮೇಲೆಯೇ ಮೊದಲ ಮೀನು, ಅದೂ ಒಂದೇ.

ಜಕಾರ್ತಾದ ಲೀ ಚಿನ್ ಎಂಗ್ 1961ರಲ್ಲಿ ವಿವರಿಸಿದ ಕ್ರಮದಲ್ಲಿ ಕಡಲಿನಿಂದ ತಂದ ಜೀವಂತ ಶಿಲೆ, ಗಾಳಿಯ ಗುಳ್ಳೆ ಇವಿಷ್ಟೇ ಶೋಧಕ. ನಮ್ಮಲ್ಲಿ ಕಲ್ಲುಹವಳಗಳಿಗೆ 1972ರ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ. ನೇತ್ರಾಣಿಯ ಹವಳವನ್ನು ಕಿತ್ತು ತರುವಂತಿಲ್ಲ. ರಂಧ್ರಮಯವಾದ ಒಣ ಸುಣ್ಣಗಲ್ಲೇ ಸೂಕ್ಷ್ಮಜೀವಿಗಳಿಗೆ ಸಾಕಾದ ಮನೆ. ಇದರೊಡನೆ ನೊರೆಯ ಮೂಲಕ ಜಿಡ್ಡನ್ನು ಮೇಲಿನ ಬಟ್ಟಲಿಗೆ ಉಕ್ಕಿಸುವ ಸ್ಕಿಮ್ಮರ್ ಯಂತ್ರವಿದ್ದರೆ ಲೇಸು. ವಿದ್ಯುತ್ತು ಹೋದಾಗ ಮೀನೂ ಸೂಕ್ಷ್ಮಜೀವಿಗಳೂ ಉಸಿರುಗಟ್ಟುವುದರಿಂದ, ಬ್ಯಾಟರಿಯ ಗಾಳಿಪಂಪೊಂದನ್ನು ತೊಟ್ಟಿಯ ಪಕ್ಕದಲ್ಲಿಯೇ ಇರಿಸಿಕೊಂಡಿರಬೇಕು.