ಜೆನ್ನಿ ಎರ್ಪೆನ್‌ಬೆಕ್ ಯಾರು? ಏನು ಬರೆದಿದ್ದಾರೆ?

ಜೆನ್ನಿ ಎರ್ಪೆನ್‌ಬೆಕ್ ಇಂದಿನ ಜರ್ಮನಿಯ ಪ್ರಮುಖ ಕಾದಂಬರಿಕಾರ್ತಿ. 1967ರಲ್ಲಿ, ಆಗಿನ ಪೂರ್ವ ಬರ್ಲಿನ್‌ನಲ್ಲಿ ಹುಟ್ಟಿದರು. ಅಜ್ಜ ಫ್ರಿಟ್ಸ್ ಎರ್ಪೆನ್‌ಬೆಕ್, ಅಜ್ಜಿ ಹೆಡ್ಡಾ ಸಿನ್ನರ್ ಇಬ್ಬರೂ ಲೇಖಕರು. ತಾಯಿ ಅರಬ್ಬಿಯಿಂದ ಜರ್ಮನ್‌ಗೆ ಅನುವಾದಿಸುತ್ತಿದ್ದರು. ಜೆನ್ನಿ ಮೊದಲು ಕಲಿತದ್ದು ಪುಸ್ತಕ ಕಟ್ಟುವ ಕೆಲಸ. ಬಳಿಕ ರಂಗಭೂಮಿಯನ್ನು ಅಭ್ಯಾಸ ಮಾಡಿ ಒಪೆರಾ ನಿರ್ದೇಶಕಿಯಾದರು. ಮೊದಲ ಪುಸ್ತಕ ಬಂದದ್ದು 1999ರಲ್ಲಿ.

ಅವರಿಗೆ 22 ವರ್ಷವಾಗಿದ್ದಾಗ ಬರ್ಲಿನ್ ಗೋಡೆ ಬಿತ್ತು. ಮುಂದಿನ ವರ್ಷ ಅವರು ಹುಟ್ಟಿ ಬೆಳೆದ ದೇಶವಾದ ಪೂರ್ವ ಜರ್ಮನಿಯೇ ಇಲ್ಲವಾಯಿತು. ಅವರ ಬರವಣಿಗೆಯ ಬೇರು ಇರುವುದು ಇಲ್ಲಿಯೇ. 2008ರ 'ಹೈಮ್‌ಸೂಖುಂಗ್' ಕಾದಂಬರಿಯಲ್ಲಿ ಸರೋವರದ ದಡದ ಒಂದು ಮನೆಗೆ ಜನ ಬಂದು ಹೋಗುತ್ತಾರೆ, ಆಳ್ವಿಕೆಗಳು ಬದಲಾಗುತ್ತವೆ. ಅವರ ಕೃತಿಗಳಲ್ಲಿ ಅತ್ಯಂತ ಬಿಗಿಯಾದದ್ದು ಬಹುಶಃ ಇದೇ. 2015ರ 'ಗೇಹೆನ್, ಗಿಂಗ್, ಗೆಗಾಂಗೆನ್'ನಲ್ಲಿ ನಿವೃತ್ತ ಪ್ರಾಧ್ಯಾಪಕರೊಬ್ಬರು ಬರ್ಲಿನ್‌ಗೆ ಬಂದ ಆಫ್ರಿಕಾದ ನಿರಾಶ್ರಿತರ ಒಡನಾಟಕ್ಕೆ ಬರುತ್ತಾರೆ.

2021ರ 'ಕೈರೋಸ್' ಪೂರ್ವ ಬರ್ಲಿನ್‌ನ ಒಂದು ಪ್ರೇಮಕಥೆ. 19ರ ಕತರೀನಾ, ಐವತ್ತು ದಾಟಿದ ವಿವಾಹಿತ ಲೇಖಕ ಹಾನ್ಸ್ ಇವರ ಒಲವು ಮೆಲ್ಲಗೆ ಕ್ರೌರ್ಯಕ್ಕೆ ತಿರುಗುತ್ತದೆ. ಅತ್ತ ದೇಶವೂ ಕುಸಿಯುತ್ತಿರುತ್ತದೆ. ಮೈಕಲ್ ಹಾಫ್‌ಮನ್ ಮಾಡಿದ ಇದರ ಇಂಗ್ಲಿಷ್ ಅನುವಾದಕ್ಕೆ 2024ರ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಮರುವರ್ಷ ಅದೇ ಪ್ರಶಸ್ತಿ ಪಡೆದವರು ಕನ್ನಡದ ಲೇಖಕಿ ಬಾನು ಮುಷ್ತಾಕ್ ಮತ್ತು ಅವರ ಅನುವಾದಕಿ ದೀಪಾ ಭಾಸ್ತಿ.