ವರ್ತನೆಯ ಲೆಕ್ಕವೂ ಹೃದಯದ ಮಾತೂ

ಅಂಗಡಿಯ ಮುಂದೆ ಮಗು ಬಿಸ್ಕತ್ತಿಗಾಗಿ ಅಳುತ್ತದೆ. ನಾಲ್ಕು ಜನ ನೋಡುತ್ತಾರೆಂಬ ಸಂಕೋಚದಿಂದ ತಾಯಿ ಕೊಡಿಸುತ್ತಾಳೆ; ಅಳು ನಿಲ್ಲುತ್ತದೆ. ಮರುದಿನ ಅದೇ ಅಂಗಡಿಯ ಮುಂದೆ ಅಳು ಇನ್ನಷ್ಟು ಜೋರಾಗುತ್ತದೆ. ಇದನ್ನು ಹಠವೆಂದು ಕರೆದು ನಾವು ಮಗುವನ್ನು ದೂರುತ್ತೇವೆ. ವಾಸ್ತವವಾಗಿ ಇಲ್ಲಿ ಇಬ್ಬರೂ ಪಾಠ ಕಲಿತಿದ್ದಾರೆ: ಅತ್ತರೆ ಬಿಸ್ಕತ್ತು ದೊರೆಯುವುದೆಂದು ಮಗು, ಕೊಡಿಸಿದರೆ ಅಳು ನಿಲ್ಲುವುದೆಂದು ತಾಯಿ. ಹೀಗೆ ಒಂದು ವರ್ತನೆಗೆ ಮುನ್ನ ಏನು ನಡೆಯಿತು, ಅದರ ಬೆನ್ನಿಗೆ ಏನು ದೊರೆಯಿತು ಎಂಬುದನ್ನು ಗಮನಿಸಿ, ಬರೆದಿಟ್ಟು, ಸನ್ನಿವೇಶವನ್ನು ಬದಲಾಯಿಸಿ, ಫಲವನ್ನು ಅಳೆದು ನೋಡುವ ಶಾಸ್ತ್ರಕ್ಕೆ ‘ಅನ್ವಯಿಕ ವರ್ತನಾ ವಿಶ್ಲೇಷಣೆ’ ಎಂದು ಹೆಸರು.

ಆಟಿಸಂ ಇರುವ ಮಕ್ಕಳ ತಂದೆತಾಯಿಗಳು ಮಹಾನಗರಗಳಲ್ಲಿ ಈ ಹೆಸರನ್ನು ಇಂದು ಮೇಲಿಂದ ಮೇಲೆ ಕೇಳುತ್ತಾರೆ. ಅದರ ಶಕ್ತಿಯನ್ನೂ ಮಿತಿಯನ್ನೂ ಅರಿಯಬೇಕಾದರೆ, ಅದನ್ನು ಕಟ್ಟಿದವರಲ್ಲೊಬ್ಬರಾದ ಅಮೆರಿಕದ ಪ್ರಾಧ್ಯಾಪಕ ಮಾಂಟ್ರೋಸ್ ವುಲ್ಫ್ (1935–2004) ಅವರ ವೃತ್ತಿಜೀವನವನ್ನು ಅವಲೋಕಿಸುವುದು ಉಪಯುಕ್ತ.

1960ರ ದಶಕದ ಆರಂಭದಲ್ಲಿ ವುಲ್ಫ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿದ್ದಾಗ ಅವರ ಮುಂದೆ ಬಂದವನು ಮೂರೂವರೆ ವರ್ಷದ ಒಬ್ಬ ಬಾಲಕ. ಪ್ರಬಂಧದಲ್ಲಿ ಅವನನ್ನು ‘ಡಿಕ್ಕಿ’ ಎಂದು ಕರೆಯಲಾಗಿದೆ. ಕಣ್ಣಿನ ಪೊರೆಗಾಗಿ ಶಸ್ತ್ರಚಿಕಿತ್ಸೆಯಾಗಿದ್ದ ಅವನು ಕನ್ನಡಕ ಧರಿಸದಿದ್ದರೆ ದೃಷ್ಟಿಯನ್ನೇ ಕಳೆದುಕೊಳ್ಳುವ ಅಪಾಯವಿತ್ತು. ಅವನೋ ಕನ್ನಡಕವನ್ನು ಮುಟ್ಟಗೊಡನು. ತಲೆ ಚಚ್ಚಿಕೊಂಡು ರಂಪ ಮಾಡುವನು. ವುಲ್ಫ್ ಮತ್ತು ಸಂಗಡಿಗರು ಒಮ್ಮೆಗೇ ಕನ್ನಡಕ ತೊಡಿಸಲು ಹೋಗಲಿಲ್ಲ. ಮೊದಲು ಗಾಜಿಲ್ಲದ ಬರಿಯ ಚೌಕಟ್ಟು. ಅದನ್ನು ಎತ್ತಿಕೊಂಡರೆ, ಹಿಡಿದುಕೊಂಡರೆ, ಕಣ್ಣಿನ ಸಮೀಪಕ್ಕೆ ತಂದರೆ ಒಂದೊಂದು ತುತ್ತು ತಿನಿಸು. ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಸಾಗಿ, ಕೊನೆಗೆ ಆಸ್ಪತ್ರೆಯಿಂದ ಮನೆಗೆ ಹೊರಡುವ ವೇಳೆಗೆ ಬಾಲಕ ದಿನಕ್ಕೆ ಸುಮಾರು 12 ಗಂಟೆ ಕನ್ನಡಕ ಧರಿಸುತ್ತಿದ್ದನು. ತಂದೆತಾಯಿಗಳಿಗೂ ಈ ಕ್ರಮವನ್ನು ಕಲಿಸಲಾಯಿತು. ಊಟವನ್ನೇ ಬಹುಮಾನವಾಗಿ ಬಳಸಿದುದು ಇಂದು ಆಕ್ಷೇಪಕ್ಕೆ ಗುರಿಯಾಗುವಂಥದು. ಆದರೆ ಕಲಿಯಲಾರದೆಂದು ಕೈಬಿಟ್ಟ ಮಗುವೂ ಕಲಿಯಬಲ್ಲುದೆಂಬುದನ್ನು 1964ರಲ್ಲಿ ಪ್ರಕಟವಾದ ಈ ಪ್ರಬಂಧ ತೋರಿಸಿಕೊಟ್ಟಿತು.

ಅನಂತರ ಅವರು ಕ್ಯಾನ್ಸಾಸ್ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಬೋಧನೆ, ಸಂಶೋಧನೆ, ಸಮಾಜಸೇವೆ ಇವು ಬೇರೆ ಬೇರೆ ಕೋಣೆಗಳಾಗಿರಲಿಲ್ಲ. ಕ್ಯಾನ್ಸಾಸ್ ಸಿಟಿಯ ಬಡವರ ಬಡಾವಣೆಯಾದ ಜುನಿಪರ್ ಗಾರ್ಡನ್ಸ್‌ನಲ್ಲಿ ಸಹೋದ್ಯೋಗಿಗಳೊಡನೆ ಮಕ್ಕಳ ಶಿಕ್ಷಣದ ಯೋಜನೆಯನ್ನು ಕಟ್ಟಿದರು. 1968ರಲ್ಲಿ ಆರಂಭವಾದ ‘ಜರ್ನಲ್ ಆಫ್ ಅಪ್ಲೈಡ್ ಬಿಹೇವಿಯರ್ ಅನಾಲಿಸಿಸ್’ ಪತ್ರಿಕೆಯ ಪ್ರಥಮ ಸಂಪಾದಕರೂ ಅವರೇ. ಅದೇ ವರ್ಷ ಡೊನಾಲ್ಡ್ ಬೇರ್ ಮತ್ತು ಟಾಡ್ ರಿಸ್ಲಿಯವರೊಡನೆ ಬರೆದ ಪ್ರಬಂಧದಲ್ಲಿ ಈ ಶಾಸ್ತ್ರದ ಏಳು ಲಕ್ಷಣಗಳನ್ನು ನಿರೂಪಿಸಿದರು. ಕೈಗೆತ್ತಿಕೊಂಡ ಸಮಸ್ಯೆ ಜನಜೀವನಕ್ಕೆ ಮುಖ್ಯವಾದುದಾಗಿರಬೇಕೆಂಬುದು ಅವುಗಳಲ್ಲಿ ಮೊದಲನೆಯದು.

ಲೆಕ್ಕಪತ್ರವೇ ಕಸುಬಾದ ನನ್ನಂಥವನ ಮನಸ್ಸನ್ನು ಸೆಳೆಯುವುದು ಅವರ ಮುಂದಿನ ಪ್ರಯೋಗ. 1967ರಲ್ಲಿ ಲಾರೆನ್ಸ್ ಪಟ್ಟಣದಲ್ಲಿ ‘ಅಚೀವ್‌ಮೆಂಟ್ ಪ್ಲೇಸ್’ ಎಂಬ ಮನೆ ಆರಂಭವಾಯಿತು. ತಪ್ಪುದಾರಿ ಹಿಡಿದ ಆರೆಂಟು ಹುಡುಗರು ಅಲ್ಲಿ ಒಬ್ಬ ದಂಪತಿಯೊಡನೆ ವಾಸಿಸುತ್ತಿದ್ದರು. ಕೋಣೆ ಶುಚಿಯಾಗಿಟ್ಟರೆ, ಪಾಠ ಓದಿದರೆ ಅಂಕಗಳು ಜಮಾ, ತಪ್ಪಿದರೆ ಖರ್ಚು, ಉಳಿದ ಬಾಕಿಯಿಂದ ಸೈಕಲ್ ಸವಾರಿ, ಟೆಲಿವಿಷನ್ ಇತ್ಯಾದಿ ಸವಲತ್ತು. ಪದ್ಧತಿ ಯಶಸ್ವಿಯಾಯಿತು. ಅದೇ ಲೆಕ್ಕವನ್ನು ಇನ್ನೊಂದು ಮನೆಯಲ್ಲಿ ಆಚರಣೆಗೆ ತಂದಾಗ ಮಾತ್ರ ವಿಫಲವಾಯಿತು! ಅಂಕಗಳ ಪುಸ್ತಕ ಅಲ್ಲಿಗೂ ಹೋಗಿತ್ತು; ಮೊದಲ ಮನೆಯ ದಂಪತಿಯ ಪ್ರೀತಿ, ಕಲಿಸುವ ತಾಳ್ಮೆ ಇವು ಹೋಗಿರಲಿಲ್ಲ. ಮುಂದೆ ಸಂಶೋಧಕರು ಹುಡುಗರನ್ನೇ ಕೇಳಿದರು: ‘ದೊಡ್ಡವರು ಹೇಗಿದ್ದರೆ ನಿಮಗೆ ಹಿಡಿಸುತ್ತದೆ?’ ಶಾಂತವಾದ ದನಿ, ನ್ಯಾಯ, ಸಹಾಯಹಸ್ತ, ನಗೆಮಾತು—ಇವು ಅವರ ಉತ್ತರಗಳಲ್ಲಿದ್ದವು.

ಈ ಅನುಭವವೂ ಸೇರಿ 1978ರಲ್ಲಿ ‘ಸಾಮಾಜಿಕ ಸಮ್ಮತಿ’ಯನ್ನು ಕುರಿತ ಅವರ ಪ್ರಸಿದ್ಧ ಲೇಖನ ಹೊರಬಂದಿತು. ಶಾಸ್ತ್ರವು ತನ್ನ ಹೃದಯವನ್ನು ಕಂಡುಕೊಳ್ಳುತ್ತಿದೆ ಎಂಬ ಭಾವ ಅದರ ಶೀರ್ಷಿಕೆಯಲ್ಲೇ ಇದೆ. ಅಳತೆಯ ಶಾಸ್ತ್ರಜ್ಞರು ಜನರ ಅಭಿಪ್ರಾಯವನ್ನು ಕೇಳಲು ಹಿಂಜರಿಯುತ್ತಿದ್ದ ಕಾಲದಲ್ಲಿ ಅವರು ಮೂರು ಪ್ರಶ್ನೆಗಳನ್ನು ಮುಂದಿಟ್ಟರು: ಗುರಿ ನಿಜವಾಗಿಯೂ ಬೇಕಾದುದೆ? ಅನುಸರಿಸುವ ಕ್ರಮ ಒಪ್ಪತಕ್ಕುದೆ? ಬಂದ ಫಲದಿಂದ ಸಂಬಂಧಪಟ್ಟವರಿಗೆ ತೃಪ್ತಿಯೆ?

ಈ ಮೂರು ಪ್ರಶ್ನೆಗಳು ಇಂದಿಗೂ ಹಳತಾಗಿಲ್ಲ. ಈ ಶಾಸ್ತ್ರದ ಹೆಸರಿನಲ್ಲಿ ದಂಡನೆಯೂ ನಡೆದುದುಂಟು; ‘ನಮ್ಮನ್ನು ಇತರರಂತೆ ನಟಿಸಲು ತರಬೇತು ಮಾಡಿದರು’ ಎಂದು ಆಟಿಸಂ ಇರುವ ಅನೇಕ ವಯಸ್ಕರು ಆಕ್ಷೇಪಿಸಿರುವುದೂ ಉಂಟು. ಆದುದರಿಂದ ಚಿಕಿತ್ಸಾ ಕೇಂದ್ರದ ಬಾಗಿಲು ತಟ್ಟುವ ತಂದೆತಾಯಿಗಳು, ಕಲಿಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತರೆ ಎಂದು ವಿಚಾರಿಸಬೇಕು. ಕೋಣೆಯಲ್ಲಿ ನಡೆಯುವುದನ್ನು ನೋಡಲು ಅವಕಾಶ ಕೇಳಬೇಕು. ಕೈ ಅಲ್ಲಾಡಿಸುವುದನ್ನು ನಿಲ್ಲಿಸುವುದು ಗುರಿಯೊ, ನೀರು ಬೇಕೆಂದು ಹೇಳಲು ಕಲಿಸುವುದು ಗುರಿಯೊ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಬೇಕು.

ಹೊರನಾಡಿನ ನಮಗೆ ಇನ್ನೊಂದು ಮಾತು. ‘ಮನೆಯಲ್ಲಿ ಕನ್ನಡ ಬಿಡಿ, ಒಂದೇ ಭಾಷೆ ಸಾಕು’ ಎಂಬ ಸಲಹೆ ಇಂಥ ಮಕ್ಕಳ ಮನೆಗಳಿಗೆ ಬರುವುದುಂಟು. ಎರಡು ಭಾಷೆಗಳ ಪರಿಸರದಲ್ಲಿ ಬೆಳೆಯುವುದರಿಂದ ಆಟಿಸಂ ಇರುವ ಮಕ್ಕಳ ಮಾತು ಹಿಂದುಳಿಯುವುದಿಲ್ಲವೆಂದು ಈಚಿನ ಸಂಶೋಧನೆಗಳು ಕಂಡುಕೊಂಡಿವೆ. ಅಜ್ಜಿ ಕನ್ನಡದಲ್ಲಿ ಕರೆದಾಗ ಮಗು ತಿರುಗಿ ನೋಡುವುದಾದರೆ, ಆ ಸಂತೋಷವನ್ನು ಯಾವ ಅಂಕಪಟ್ಟಿಯಲ್ಲಿ ಜಮಾ ಮಾಡೋಣ? ಅದನ್ನೂ ಲೆಕ್ಕಕ್ಕೆ ಹಿಡಿಯಬೇಕೆಂಬುದೇ ವುಲ್ಫ್ ಅವರ ಮೂರು ಪ್ರಶ್ನೆಗಳ ಸಾರ.