ಟ್ರ್ಯಾಕಿಗೆ ಮಾತ್ರ ಎಂದರೆ ಕಸ್ಟಮ್ಸ್ ಬಿಟ್ಟೀತೇ?

ವಿಶಾಖಪಟ್ಟಣದ ಉಕ್ಕು ಕಾರ್ಖಾನೆಗೆ ಸಂಬಂಧಿಸಿದ ತೀರ್ಪೊಂದನ್ನು ಓದಿ ದುಬೈನಲ್ಲಿರುವ ನನ್ನ ಚಿಕ್ಕಪ್ಪನ ಮಗ ಕುಣಿದಾಡುತ್ತಾನೆಂದು ನಾನು ಎಣಿಸಿರಲಿಲ್ಲ. 'ಅಣ್ಣ, ಕಂಡ್ಯಾ? ನಿಮ್ಮ ಆಂಧ್ರದ ಕೇಸೇ. ಇನ್ನು ನನ್ನ ಕಾರು ತರಬಹುದಲ್ಲ?' ಎಂದು ರಾತ್ರಿ ಹನ್ನೊಂದಕ್ಕೆ ಫೋನು.

ತೀರ್ಪು 2025ರ ಆಗಸ್ಟ್ ಕೊನೆಯದು. ಕಾರ್ಖಾನೆಯ ಸರಕು ರವಾನೆ ಯಾರ್ಡಿನೊಳಗೆ ಗುತ್ತಿಗೆ ಕಂಪನಿಯೊಂದರ 36 ವಾಹನಗಳು ಓಡುತ್ತಿದ್ದವು. ಸುತ್ತ ಕಾಂಪೌಂಡು, ಗೇಟಿನಲ್ಲಿ ಸಿಐಎಸ್‌ಎಫ್ ಕಾವಲು. ಅದು ಸಾರ್ವಜನಿಕ ಸ್ಥಳವಲ್ಲ, ಹಾಗಾಗಿ ಅಲ್ಲಷ್ಟೇ ಓಡುವ ವಾಹನಕ್ಕೆ ರಾಜ್ಯದ ವಾಹನ ತೆರಿಗೆ ಇಲ್ಲ ಎಂದ ಸುಪ್ರೀಂ ಕೋರ್ಟ್, 22,71,700 ರೂಪಾಯಿ ಮರಳಿಸಬೇಕೆಂಬ ಹಿಂದಿನ ಆದೇಶವನ್ನು ಎತ್ತಿಹಿಡಿಯಿತು.

ತಮ್ಮನ ತರ್ಕ ಸರಳ. ರೇಸ್ ಟ್ರ್ಯಾಕಿಗೂ ಗೋಡೆ, ಗೇಟು ಇದೆ. ಅವನ ಬಳಿ ಇರುವುದು 2016ರ ಮಾಜ್ದಾ ಎಂಎಕ್ಸ್-5, ಎರಡೇ ಸೀಟಿನ ಪುಟ್ಟ ಕಾರು. ಅದನ್ನು ಭವಾನಿಪುರಂನ ನಮ್ಮ ಮನೆಯ ಹಿಂದಿನ ಶೆಡ್ಡಿನಲ್ಲಿಟ್ಟು, ರಜೆಗೆ ಬಂದಾಗ ಚೆನ್ನೈ ಬಳಿಯ ಇರುಂಗಾಟ್ಟುಕೋಟೈ ಟ್ರ್ಯಾಕಿಗೆ ಟ್ರೇಲರ್ ಮೇಲೆ ಒಯ್ಯುವುದು. ಇಲ್ಲಿಂದ ಸುಮಾರು 450 ಕಿ.ಮೀ. ಆರ್‌ಟಿಓ ಗೊಡವೆಯೇ ಇಲ್ಲ!

ಒಂದು ವಿಷಯದಲ್ಲಿ ಅವನು ಹೇಳಿದ್ದು ಸರಿ. ಕಾರ್ಖಾನೆ ಅಥವಾ ಆವರಣದೊಳಗಿನ ಬಳಕೆಗಷ್ಟೇ ಮಾರ್ಪಡಿಸಿದ ವಿಶೇಷ ವಾಹನವನ್ನು ಮೋಟಾರು ವಾಹನ ಕಾಯ್ದೆ 'ಮೋಟಾರು ವಾಹನ' ಎಂದೇ ಪರಿಗಣಿಸುವುದಿಲ್ಲ. ಆದರೆ ಆ ಮಾತು ಬರುವುದು ಕಾರು ದೇಶದೊಳಗೆ ಬಂದ ಮೇಲೆ. ಆಮದಿನ ಕಾಗದಪತ್ರ ನೋಡಿಯೇ ಹೊಟ್ಟೆ ಹೊರೆಯುವ ನನಗೆ ಮೊದಲು ಕಾಣುವುದು ಬಂದರು. ಕಾರು ಎಲ್ಲಿ ಓಡುತ್ತದೆ ಎಂಬುದು ಅಲ್ಲಿ ಮುಖ್ಯವಲ್ಲ. ಬಳಸಿದ ಕಾರಾದರೆ ತಯಾರಾಗಿ ಮೂರು ವರ್ಷ ಮೀರಿರಬಾರದು, ಸ್ಟೀರಿಂಗ್ ಬಲಕ್ಕಿರಬೇಕು, ಬರಬೇಕಾದದ್ದು ಮುಂಬೈ ಬಂದರಿನಿಂದಲೇ. ಇವನದು ದುಬೈ ಕಾರು, ಸ್ಟೀರಿಂಗ್ ಎಡಕ್ಕೆ. ವಯಸ್ಸಂತೂ ಯಾವತ್ತೋ ಮೀರಿದೆ. ಕಾಯಂ ಆಗಿ ಮರಳುವವರಿಗೆ ಬೇರೆ ವಿನಾಯಿತಿಗಳಿವೆ, ಇವನಿಗೆ ಆ ಯೋಚನೆಯಿಲ್ಲ. ಇನ್ನು ಸುಂಕ, ತೆರಿಗೆ ಸೇರಿದರೆ ಕಾರಿನ ಬೆಲೆಗಿಂತ ಅದೇ ಹೆಚ್ಚು. ವಿದೇಶಿ ವಾಹನಗಳು ತಾತ್ಕಾಲಿಕವಾಗಿ ಬರುವುದು ಕಾರ್ನೆ ಎಂಬ ದಾಖಲೆಯ ಮೇಲೆ. ಅವಧಿ ಮುಗಿದೊಡನೆ ವಾಪಸ್ ಹೋಗಲೇಬೇಕು. ಶೆಡ್ಡಿನಲ್ಲಿ ವರ್ಷಗಟ್ಟಲೆ ಇಡುವ ದಾರಿ ಅದಲ್ಲ.

'ಹಾಗಾದ್ರೆ ಬಿಚ್ಚಿ ತರುವುದು' ಎಂದ. ಆಗ ನನ್ನ ಎದೆ ಧಸಕ್ಕೆಂದಿತು. ಅಲ್ಲಿನ ಏಜೆಂಟನೊಬ್ಬ ಎಂಜಿನ್, ಬಾಡಿ ಬೇರೆ ಮಾಡಿ 'ಬಿಡಿಭಾಗ' ಎಂದು ಕಳಿಸಿಕೊಡುತ್ತೇನೆ ಎಂದನಂತೆ. ಇವನು ಅಡ್ವಾನ್ಸನ್ನೂ ಕೊಟ್ಟಾಗಿತ್ತು. ಬಿಲ್ ಆಫ್ ಎಂಟ್ರಿಯಲ್ಲಿ ಆಮದುದಾರನ ಹೆಸರು? ನನ್ನದು! 'ನಿನಗೆ ಈ ಕೆಲಸ ಗೊತ್ತಲ್ಲ ಅಣ್ಣ' ಎಂಬ ಸಮಜಾಯಿಷಿ ಬೇರೆ.

ಸುಂಕದ ವರ್ಗೀಕರಣದ ಸೂತ್ರ ಇಂಥವರಿಗಾಗಿಯೇ ಬರೆದಂತಿದೆ. ಬಿಚ್ಚಿ ತಂದರೂ ಪೂರ್ಣ ವಸ್ತುವಿನ ಮುಖ್ಯ ಲಕ್ಷಣವಿದ್ದರೆ ಅದು ಪೂರ್ಣ ವಸ್ತುವೇ. ಸುಳ್ಳು ಘೋಷಣೆಗೆ ಕಸ್ಟಮ್ಸ್ ಕಾಯ್ದೆಯ 111ನೇ ಕಲಮಿನಡಿ ಮಾಲು ಮುಟ್ಟುಗೋಲು, 112ರಡಿ ದಂಡ. ನನ್ನ ಪಾಲಿಗೆ ದಂಡದ ಜೊತೆ ಕೆಲಸವೂ ಹೋಗುತ್ತಿತ್ತು. 2025ರ ಸೆಪ್ಟೆಂಬರಿನಲ್ಲಿ ಭೂತಾನ್ ಮೂಲಕ ಬಂದವೆನ್ನಲಾದ ಹಳೆಯ ಐಷಾರಾಮಿ ಕಾರುಗಳಿಗಾಗಿ ಕೇರಳದಲ್ಲಿ ಕಸ್ಟಮ್ಸ್‌ನವರು ಸಿನಿಮಾ ನಟರ ಮನೆಗಳನ್ನೂ ಶೋಧಿಸಿದ ಸುದ್ದಿ ಕಳಿಸಿದೆ. ಎರಡು ದಿನ ಅವನಿಂದ ಸದ್ದಿಲ್ಲ.

ನಿಯಮದ ವಿಷಯದಲ್ಲಿ ನಾನೇನೂ ಸಂತನಲ್ಲ. ನನ್ನ ಕೆಎ-20 ಕಾರನ್ನು ಹನ್ನೆರಡು ತಿಂಗಳು ಮೀರಿದರೂ ಇಲ್ಲಿ ಹಾಗೆಯೇ ಓಡಿಸಿದ್ದೆ. ಊರಿನ ನಂಬರು ಕಳೆಯಲು ಮನಸ್ಸೇ ಬರಲಿಲ್ಲ. ಕೊನೆಗೆ ಉಡುಪಿಯಿಂದ ಎನ್‌ಒಸಿ ತರಿಸಿ, ಇಲ್ಲಿ ತೆರಿಗೆ ಕಟ್ಟಿ ಎಪಿ-39 ಹಾಕಿಸಿದೆ. ಹೊರರಾಜ್ಯದಲ್ಲಿರುವ ಎಷ್ಟೋ ಕನ್ನಡಿಗರಿಗೆ ಈ ಸಂಕಟ ಗೊತ್ತು.

ಮೂರನೇ ದಿನ ತಮ್ಮ ನಿಜ ಬಾಯಿಬಿಟ್ಟ. ದುಬೈನಲ್ಲಿ ಒಳ್ಳೆಯ ಟ್ರ್ಯಾಕೇ ಇದೆ, ದುಬೈ ಆಟೊಡ್ರೋಮ್. ಅವನು ಅಲ್ಲೇ ಓಡಿಸುತ್ತಾನೆ. ಊರಿಗೆ ತರಬೇಕೆಂದದ್ದು ಚಿಕ್ಕಪ್ಪನಿಗಾಗಿ. ಚಿಕ್ಕಪ್ಪ 1980ರ ದಶಕದಲ್ಲಿ ಮದ್ರಾಸಿನ ಗ್ಯಾರೇಜೊಂದರಲ್ಲಿದ್ದರು. ವಿಜಯ್ ಮಲ್ಯ ಶೋಲಾವರಂನ ಹಳೆಯ ವಿಮಾನಪಟ್ಟಿಯ ಮೇಲೆ ಎನ್‌ಸೈನ್ ಫಾರ್ಮುಲಾ ಒನ್ ಕಾರು ಓಡಿಸುತ್ತಿದ್ದ ಕಾಲ. ಆ ಸದ್ದಿನ ಕತೆ ಕೇಳುತ್ತಲೇ ನಾವಿಬ್ಬರೂ ಬೆಳೆದದ್ದು. ಮಗ ಕಾರು ಓಡಿಸುವುದನ್ನು ಅವರು ಒಮ್ಮೆಯೂ ನೋಡಿಲ್ಲ.

'ಕಾರು ಬರಲಾಗದಿದ್ರೆ ಚಿಕ್ಕಪ್ಪ ಹೋಗ್ಲಿ ಮಾರಾಯ' ಎಂದೆ. ಅಡ್ವಾನ್ಸಿನಲ್ಲಿ ಅರ್ಧ ಮಾತ್ರ ವಾಪಸ್ ಬಂತು. ವಿಮಾನದ ಟಿಕೆಟಿಗೆ ಅದೇ ಸಾಕಂತೆ. ಆದರೆ ಚಿಕ್ಕಪ್ಪನ ಪಾಸ್‌ಪೋರ್ಟಿನ ಅವಧಿ ಮುಗಿದಿದೆ. ಹೊಸ ಅರ್ಜಿ ತುಂಬುವ ಕೆಲಸ ಈಗ ನನ್ನ ತಲೆಗೆ.